ಸುಳಿ ಬಿಟ್ಟು ಕಾಲು ನೋಡಿದ್ದು

ನಮ್ಮ ಮನೆತನದಲ್ಲಿ ಡಾಕ್ಟರು ಹುಟ್ಟುವುದು ಸಾಧ್ಯವೇ ಇಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಅದೂ ದನದ ಡಾಕ್ಟರು, ಅದೂ ಹೆಣ್ಣು. ಅಜ್ಜಂಪುರದ ತಮ್ಮ ಮನೆಯ ಜಗಲಿಯ ಮೇಲೆ ಕೂತು, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ವರ್ಗಾಯಿಸಿ, "ಲೇ, ನಮ್ ವಂಶದಾಗೆ ಹತ್ತನೇ ಕ್ಲಾಸ್ ದಾಟಿದೋರು ಯಾರವ್ರೆ? ನಿಮ್ಮಪ್ಪ ಸೈಕಲ್‌ಗೆ ಪಂಕ್ಚರ್ ಹಾಕ್ತಾನೆ, ನೀನು ಎಮ್ಮೆಗೆ ಇಂಜೆಕ್ಷನ್ ಹಾಕ್ತೀಯಾ? ಆಗೋ ಮಾತಾಡು" ಎಂದಿದ್ದರು. ಮಾವ ಸುಳ್ಳು ಹೇಳಿರಲಿಲ್ಲ. ಅಪ್ಪ ಕಡೂರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಪಂಕ್ಚರ್ ಹಾಕುತ್ತಿದ್ದುದು ನಿಜ. ಆ ಪಂಕ್ಚರಿನ ದುಡ್ಡಿನಲ್ಲಿಯೇ ನಾನು ಓದಿದೆ. ಸೀಟು ಮೊದಲ ಸಲ ಸಿಗಲಿಲ್ಲ, ಎರಡನೇ ಸಲಕ್ಕೆ ಸಿಕ್ಕಿತು. ಮೂಳೆಗಳ ಹೆಸರೆಲ್ಲ ಇಂಗ್ಲಿಷಿನಲ್ಲಿದ್ದ ಪರೀಕ್ಷೆಯಲ್ಲಿ ಒಂದು ಸಲ ಡುಮ್ಕಿ ಹೊಡೆದು, ಮತ್ತೆ ಬರೆದು ಪಾಸಾದೆ. ಪಾಸಾದ ದಿನದಿಂದ ಮಾವ ಊರಿನಲ್ಲಿ ಹೊಸ ಮಾತು ಶುರು ಮಾಡಿದರು: "ನಮ್ಮ ಹುಡುಗಿ. ನಾನೇ ಓದು ಅಂತ ಹಟ ಹಿಡ್ದೆ."

ಹಾಗೆಂದು ತಮ್ಮ ಕೊಟ್ಟಿಗೆಯೊಳಕ್ಕೆ ನನ್ನನ್ನು ಬಿಟ್ಟುಕೊಂಡರೆಂದಲ್ಲ. ಅವರ ಹಸುವಿಗೆ ಹೊಟ್ಟೆ ಉಬ್ಬರಿಸಿದರೂ ಹಳೇ ಕಾಂಪೌಂಡರನ್ನೇ ಕರೆಸುತ್ತಿದ್ದರು. ನಾನು ಹೋದರೆ ಕಾಫಿ ಕೊಟ್ಟು, "ಕೂತ್ಕೊಳಮ್ಮ, ಬಟ್ಟೆ ಕೊಳೆ ಆಯ್ತದೆ" ಎನ್ನುತ್ತಿದ್ದರು. ನಾಲ್ಕೂವರೆ ವರ್ಷ ಸಗಣಿಯಲ್ಲಿ ಮೊಣಕೈವರೆಗೆ ಮುಳುಗಿ ಪದವಿ ತಂದವಳ ಬಟ್ಟೆಯ ಮೇಲೆ ಅವರಿಗಿದ್ದ ಕಾಳಜಿ ದೊಡ್ಡದು.

ಮಾವನದು ಈರುಳ್ಳಿ ವ್ಯಾಪಾರ. ಅದರ ಜೊತೆಗೆ ಕುದುರೆ ಸಾಕುತ್ತಾರೆ. ಮದುವೆಯ ದಿಬ್ಬಣಕ್ಕೆ, ಮಠದ ಉತ್ಸವದಲ್ಲಿ ಪಲ್ಲಕ್ಕಿಯ ಮುಂದೆ ನಡೆಸುವುದಕ್ಕೆ ಸುತ್ತಲಿನ ಊರಿನವರು ಕೇಳಿಕೊಂಡು ಬರುತ್ತಾರೆ. ಆಗ ಅವರ ಬಳಿ ಸವಾರಿಗೆ ಬರುವ ವಯಸ್ಸಿನವು ಎರಡಿದ್ದವು. ಒಂದು ಬಿಳಿ ಗಂಡು. ಎತ್ತಿದ ಕತ್ತು, ಅಲೆಯಾಡುವ ಬಾಲ. ಗಂಟಲ ಹತ್ತಿರ ದೇವಮಣಿ ಸುಳಿ. ಕೂದಲು ಸುತ್ತಿಕೊಂಡು ಹುಟ್ಟುವ ಆ ಶುಭದ ಗುರುತನ್ನು ನೋಡಿಯೇ ಮಾವ ಅದನ್ನು ಕೊಂಡಿದ್ದರು. ಇನ್ನೊಂದು ಮನೆಯಲ್ಲೇ ಹುಟ್ಟಿದ ಕಂದು ಬಣ್ಣದ ಹೆಣ್ಣು. ಪಾಪ, ಅದರ ಸುಳಿ ಹೋಗಿ ಹೋಗಿ ಕಣ್ಣಿನ ಕೆಳಗೆ ಹುಟ್ಟಿತ್ತು. ಕಣ್ಣೀರು ಜಾರುವ ಜಾಗದಲ್ಲಿ ಸುಳಿಯಿದ್ದರೆ ಯಜಮಾನನ ಮನೆಯಲ್ಲಿ ಅಳು ತಪ್ಪುವುದಿಲ್ಲವಂತೆ. ಅದರ ಮೇಲೆ ಯಾವ ಮದುವೆ ಗಂಡೂ ಹತ್ತಲಿಲ್ಲ. ಅದನ್ನು ಹಿತ್ತಿಲ ಹುಣಸೆ ಮರಕ್ಕೆ ಕಟ್ಟಿ, ನೆಂಟರು ಬಂದಾಗ ಗೋಣಿತಾಟಿನ ಪರದೆ ಎಳೆಯುತ್ತಿದ್ದರು.

ಪರದೆಯ ಹಿಂದೆ ಹೋಗಿ ಅದನ್ನು ಸಾಕಿದವಳು ಮಾವನ ಮಗಳು. ಪಿಯುಸಿ ಮುಗಿಸಿ, ಮುಂದೇನು ಎಂದು ಯಾರೂ ಕೇಳದ ಹಂತದಲ್ಲಿದ್ದಳು. ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ, ತರೀಕೆರೆಯ ಆಚೆ, ಸೈನ್ಯದಿಂದ ನಿವೃತ್ತರಾದ ಒಬ್ಬರು ಸವಾರಿ ಶಾಲೆ ತೆರೆದಿದ್ದರು. ಅಲ್ಲಿ ಒಂದು ವರ್ಷ ಕಲಿತರೆ ಸವಾರಿ ಕಲಿಸುವ ಕೆಲಸ, ಪ್ರದರ್ಶನಗಳಿಗೆ ಕುದುರೆ ತಯಾರು ಮಾಡುವ ಕೆಲಸ ಸಿಗುವಂತಿತ್ತು. ಷರತ್ತು ಒಂದೇ: ಕಲಿಯುವವರು ತಮ್ಮದೇ ಎಳೆಯ ಕುದುರೆ ತರಬೇಕು. ಅದರ ಮೈಕಟ್ಟು ಸವಾರಿಗೆ ತಕ್ಕದ್ದು ಎಂದು ಪಶುವೈದ್ಯರ ಸರ್ಟಿಫಿಕೇಟು ಬೇಕು.

ಅವಳು ಫೋನ್ ಮಾಡಿದಳು. "ಅಕ್ಕ, ಅಪ್ಪ ಒಪ್ಕಂಡವ್ರೆ. ಆದ್ರೆ ಬಿಳೀದೇ ತಗಂಡೋಗ್ಬೇಕಂತೆ. ಕಂದು ಹೆಣ್ಣು ನನ್ ಮನೆ ಹೆಸ್ರು ಹೇಳ್ಕಂಡು ಹೊಸಲು ದಾಟಕೂಡದು ಅಂತಾರೆ. ಬಿಳೀದಕ್ಕೆ ಸರ್ಟಿಫಿಕೇಟ್ ಸಿಗ್ಲಿಲ್ಲ ಅಂದ್ರೆ ಹೋಗೋದೇ ಬ್ಯಾಡವಂತೆ. ಕಾಂಪೌಂಡರ್ ಸಹಿ ಹಾಕಂಗಿಲ್ಲವಲ್ಲ, ಅದಕ್ಕೆ ನಿನ್ನ ಕರ್ಸು ಅಂದ್ರು."

ಅಂತೂ ಮಾವನಿಗೆ ನನ್ನ ಪದವಿಯ ಉಪಯೋಗ ಕಂಡಿತ್ತು. ಬರಲಿ, ಸಹಿ ಹಾಕಲಿ, ಹೋಗಲಿ.

ನಾನು ಹೋದಾಗ ಮನೆಯ ಮುಂದೆ ಸಭೆಯೇ ಸೇರಿತ್ತು. ನಡುವೆ ಕುರ್ಚಿಯ ಮೇಲೆ ಎಮ್ಮೆದೊಡ್ಡಿ ಕಡೆಯ ಹಿರಿಯರೊಬ್ಬರು ವಿರಾಜಮಾನರಾಗಿದ್ದರು. ಅವರ ಅಜ್ಜನ ಕಾಲದಿಂದಲೂ ಕಾವಲಿನಲ್ಲಿ, ಅಂದರೆ ಸರ್ಕಾರಿ ಹುಲ್ಲುಗಾವಲಿನಲ್ಲಿ, ಅಮೃತಮಹಲ್ ದನ ಕಾದ ಮನೆತನ. ದನದ ವಿಷಯದಲ್ಲಿ ಅವರ ಕಣ್ಣು ತಪ್ಪುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ತೊಂದರೆ ಎಂದರೆ ಅವರು ಕುದುರೆಯನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದರು. ಬಿಳಿ ಕುದುರೆಯ ಹಿಂದೆ ನಿಂತು, "ನೋಡ್ರಪ್ಪಾ, ಹಿಂಗಾಲು ಹೆಂಗೆ ಒಳಕ್ಕೆ ಕೂಡ್ಕಂಡವೆ! ಥೇಟ್ ಕಾವಲಿನ ಹೋರಿ. ನೊಗಕ್ಕೆ ಹೂಡಿದ್ರೆ ಗುಡ್ಡ ಎಳೀತದೆ" ಎಂದರು. ಸಭೆ ತಲೆದೂಗಿತು. ಮಾವನ ಎದೆ ಕುದುರೆಯ ಎದೆಗಿಂತ ಅಗಲವಾಯಿತು. ಕೊಂಬು ಒಂದು ಇಲ್ಲವೆಂಬ ಕೊರತೆ ಬಿಟ್ಟರೆ ಆ ಕುದುರೆ ಪರಿಪೂರ್ಣವಾಗಿತ್ತು.

ಗುಡ್ಡ ಎಳೆಯುವ ಕುದುರೆಯನ್ನು ಸವಾರಿ ಶಾಲೆಯವರು ಕೇಳಿರಲಿಲ್ಲ. ನಾನು ಸುಮ್ಮನೆ ಕೆಲಸ ಶುರು ಮಾಡಿದೆ. ಹಲ್ಲು ನೋಡಿ ವಯಸ್ಸು ಗೊತ್ತುಮಾಡಿಕೊಂಡೆ. ಸಿಮೆಂಟು ಹಾಕಿದ ಮಟ್ಟದ ಅಂಗಳದಲ್ಲಿ ಬಿಳಿ ಕುದುರೆಯನ್ನು ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಲು ಹೇಳಿ ದೂರ ಹೋಗಿ ನೋಡಿದೆ. ಮೊದಲು ಪಕ್ಕದಿಂದ, ಆಮೇಲೆ ಮುಂದಿನಿಂದ, ಆಮೇಲೆ ಹಿಂದಿನಿಂದ. ಮುಖದ ಅಂದ ನೋಡುವುದು ಕಡೆಗೆ. ಅಂದವಾದ ಮುಖ ನೋಡಿಬಿಟ್ಟರೆ ಕಾಲು ಸರಿಯಾಗಿ ಕಾಣುವುದಿಲ್ಲ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಮದುವೆ ಸಂಬಂಧ ನೋಡುವವರಿಗೂ ಇದನ್ನು ಕಲಿಸಬೇಕಿತ್ತು.

ಪಕ್ಕದ ಮನೆಯಲ್ಲಿ ಗಾರೆ ಕೆಲಸ ನಡೆದಿತ್ತು. ಅಲ್ಲಿಂದ ಗೋಡೆಯ ನೇರ ನೋಡುವ, ದಾರಕ್ಕೆ ಕಟ್ಟಿದ ತೂಕದ ಗುಂಡು ಎರವಲು ತಂದೆ. ಕುದುರೆಯ ಹಿಂದೆ, ಅದು ಒದೆಯಲಾಗದಷ್ಟು ದೂರ ನಿಂತು ಗುಂಡು ಇಳಿಬಿಟ್ಟೆ. ಹಿರಿಯರು ಬಿದ್ದು ಬಿದ್ದು ನಕ್ಕರು.

"ಏನ್ರೀ ಇದು, ನಿಮ್ ಸೋದರ್ಸೊಸೆ ಕುದ್ರೆ ನೋಡಾಕ್ ಬಂದವ್ಳೋ, ಗೋಡೆ ಎಬ್ಸಾಕ್ ಬಂದವ್ಳೋ?"

"ಗೋಡೆ ಡೊಂಕಿದ್ರೆ ಮನೆ ಬೀಳ್ತದೆ ತಾತ," ಎಂದೆ. "ಇದು ಡೊಂಕಿದ್ರೆ ಮೇಲೆ ಕೂತೋಳು ಬೀಳ್ತಾಳೆ."

ಪೃಷ್ಠದ ಮೂಳೆಯ ತುದಿಯ ನೇರಕ್ಕೆ ಹಿಡಿದ ದಾರ ಹಿಂಗಾಲಿನ ನಡುಗೀಲನ್ನು ಹಾದು ಗೊರಸಿನವರೆಗೆ ಒಂದೇ ಗೆರೆಯಾಗಿ ಇಳಿಯಬೇಕು. ಬಿಳಿ ಕುದುರೆಯ ಎರಡು ನಡುಗೀಲುಗಳೂ ಗುಟ್ಟು ಹೇಳಿಕೊಳ್ಳುವ ಗೆಳತಿಯರಂತೆ ಒಳಕ್ಕೆ ವಾಲಿದ್ದವು, ಗೊರಸುಗಳು ಜಗಳವಾಡಿ ಹೊರಕ್ಕೆ ತಿರುಗಿದ್ದವು. ಭುಜ ನೆಟ್ಟಗೆ ಗೂಟದಂತಿತ್ತು, ಬೆನ್ನು ಉದ್ದ. ಬಗ್ಗಿ ಗೊರಸಿನ ಮೇಲಿನ ಗಿಣ್ಣಿನ ಒಳಮಗ್ಗುಲು ಮುಟ್ಟಿದೆ. ಕೂದಲು ಸವೆದು ಚರ್ಮ ದಡ್ಡುಗಟ್ಟಿತ್ತು. ನಡೆಯುವಾಗ ಒಂದು ಕಾಲು ಇನ್ನೊಂದಕ್ಕೆ ಬಡಿಯುತ್ತಿತ್ತು. ದಿಬ್ಬಣದಲ್ಲಿ ಹೆಜ್ಜೆಗೊಂದು ಸಲ ನಿಂತು ಫೋಟೋ ತೆಗೆಸಿಕೊಳ್ಳುವ ಕುದುರೆಗೆ ಇದರಿಂದ ಏನೂ ತೊಂದರೆಯಿಲ್ಲ. ದಿನವೂ ಓಡುವ, ಹಾರುವ ಕುದುರೆಯ ಕತೆ ಬೇರೆ.

ಮಾವನ ಮಗಳು ನೀರಿನ ಬಕೆಟ್ ತರುವ ನೆವದಲ್ಲಿ ನನ್ನ ಪಕ್ಕಕ್ಕೆ ಬಂದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿತ್ತು.

"ಅಕ್ಕ, ನಿನ್ ಕಾಲಿಗ್ ಬೀಳ್ತೀನಿ. ಬಿಳೀದಕ್ಕೇ ಬರ್ಕೊಟ್ಬಿಡು. ಒಂದ್ಸಲ ಅಲ್ಲಿಗೆ ಹೋದ್ರೆ ಸಾಕು, ಆಮೇಲೆ ಹೆಂಗೋ ಆಯ್ತದೆ."

"ಹೆಂಗೋ ಅಂದ್ರೆ?"

"ನಾನ್ ಹುಷಾರಾಗಿ ಓಡಿಸ್ತೀನಿ."

"ನೀನು ಹುಷಾರಾಗಿದ್ರೆ ಅದರ ಕಾಲು ನೆಟ್ಟಗಾಗ್ತದಾ? ಅಲ್ಲಿ ಮೊದಲ ವಾರವೇ ವಾಪಸ್ ಕಳಿಸ್ತಾರೆ, ಇಲ್ಲಾ ನಿನ್ನ ಮೂಳೆ ಮುರೀತದೆ. ಮುರಿದ ಮೂಳೆಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ನಾನು ಎರಡು ಸಲ ಓದಿದೀನಿ, ಮೂರನೇ ಸಲ ಓದಿಸಬೇಡ."

ಅವಳು ನಗಲಿಲ್ಲ. ಕಣ್ಣು ತುಂಬಿಕೊಂಡು ಬಕೆಟ್ ಅಲ್ಲೇ ಬಿಟ್ಟು ಹೋದಳು. ನಾನು ಹಟ ಹಿಡಿದರೆ ಅವಳ ದಾರಿ ಮುಚ್ಚುತ್ತದೆ, ಸಹಿ ಹಾಕಿದರೆ ನನ್ನ ಸಹಿಗೆ ಬೆಲೆ ಹೋಗುತ್ತದೆ, ಅವಳೂ ಕೈಕಾಲು ಮುರಿದುಕೊಳ್ಳುತ್ತಾಳೆ. ಅಪ್ಪ ಪಂಕ್ಚರ್ ಹಾಕಿದ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಬರುವುದಿಲ್ಲ ಎಂದು ಖಾತ್ರಿಯಾಗದೆ ಯಾರಿಗೂ ವಾಪಸ್ ಕೊಟ್ಟವನಲ್ಲ. ಅವನ ಮಗಳು ಗುಳ್ಳೆ ಬರುವ ಕುದುರೆಗೆ ಸಹಿ ಹಾಕುವುದಾದರೂ ಹೇಗೆ?

"ಮಾವ, ಓಡಿಸಿ ನೋಡ್ಬೇಕು. ಡಾಂಬರು ರಸ್ತೆ ಮೇಲೆ, ಸಣ್ಣ ಓಟದಲ್ಲಿ. ನೀವೇ ಹಿಡ್ಕೊಂಡು ಓಡಿ," ಎಂದೆ.

ಮಾವ ಪಂಚೆ ಎತ್ತಿ ಕಟ್ಟಿ, ಸಭೆಯ ಕಡೆ ಒಮ್ಮೆ ನೋಡಿ, ಲಗಾಮು ಹಿಡಿದು ಓಡಿದರು. ಹೋಗುವಾಗ ಚೆನ್ನಾಗಿಯೇ ಹೋದರು. ಬರುವಾಗ ಟಪ್ ಎಂದು ಒಂದು ಸದ್ದು, ಮತ್ತೊಂದು ಸದ್ದು. ಕಾಲಿಗೆ ಕಾಲು ಬಡಿದು ದೇವಮಣಿಯವರು ಟೀ ಅಂಗಡಿಯ ಎದುರಿಗೆ ಮುಂಗಾಲಿನ ಮಂಡಿಯೂರಿ ನಮಸ್ಕಾರ ಮಾಡಿದರು. ಲಗಾಮು ಹಿಡಿದಿದ್ದ ಮಾವ ಇನ್ನಷ್ಟು ಭಕ್ತಿಯಿಂದ ಮಾಡಿದರು. ಇಬ್ಬರಿಗೂ ಹೆಚ್ಚು ಪೆಟ್ಟಾಗಲಿಲ್ಲ.

"ರಸ್ತೆ ಸರಿ ಇಲ್ಲ," ಎಂದರು ಮಾವ, ಮೊಣಕೈ ಒರೆಸಿಕೊಳ್ಳುತ್ತಾ. "ಕಂಟ್ರಾಕ್ಟ್ರು ತಿಂದವ್ನೆ."

"ಹೌದೌದು, ರಸ್ತೇದೇ ತಪ್ಪು," ಎಂದರು ಹಿರಿಯರು.

ನಾನು ಹಿತ್ತಿಲಿಗೆ ಹೋಗಿ ಗೋಣಿತಾಟು ಸರಿಸಿ ಕಂದು ಹೆಣ್ಣನ್ನು ಬಿಚ್ಚಿಕೊಂಡು ಬಂದೆ. ಸಭೆಯಲ್ಲಿ ಒಂದಿಬ್ಬರು ಎದ್ದು ಮುಖ ತಿರುಗಿಸಿ ಕೂತರು. ಅಂಗಳದಲ್ಲಿ ನಿಲ್ಲಿಸಿ ಗುಂಡು ಬಿಟ್ಟೆ. ದಾರ ಎಲ್ಲಿ ಹೋಗಬೇಕೋ ಅಲ್ಲೇ ಹೋಯಿತು. ಓರೆಯಾಗಿ ಹಿಂದಕ್ಕೆ ಒರಗಿದ ಭುಜ, ಗಿಡ್ಡ ಬೆನ್ನು, ದುಂಡನೆಯ ಸಮ ಗೊರಸು. ತಲೆ ಸ್ವಲ್ಪ ದಪ್ಪ, ಕತ್ತು ಸ್ವಲ್ಪ ತೆಳು. ಸೌಂದರ್ಯಕ್ಕೆ ಬಹುಮಾನ ಸಿಗುವ ಹೆಣ್ಣಲ್ಲ. ಬಾಗಿಲಲ್ಲಿ ಇಣುಕುತ್ತಿದ್ದ ಮಾವನ ಮಗಳನ್ನು ಕರೆದು ಲಗಾಮನ್ನು ಅವಳ ಕೈಗೆ ಕೊಟ್ಟು ಅದೇ ರಸ್ತೆಯಲ್ಲಿ ಓಡಿಸು ಎಂದೆ. ಓಡಿದಳು. ಕುದುರೆ ಅವಳ ಹೆಗಲಿಗೆ ಹೆಗಲು ಕೊಟ್ಟು, ಒಂದೇ ತಾಳದಲ್ಲಿ, ಹಿಂಗಾಲನ್ನು ಮುಂಗಾಲಿನ ನೇರಕ್ಕೆ ಇಡುತ್ತಾ ಹೋಗಿ ಬಂತು. ಆ ಐದು ನಿಮಿಷದಲ್ಲಿ ಕಂಟ್ರಾಕ್ಟರು ಬಂದು ರಸ್ತೆ ರಿಪೇರಿ ಮಾಡಿ ಹೋಗಿರಬೇಕು.

ಹಿರಿಯರು ಗಂಟಲು ಸರಿಮಾಡಿಕೊಂಡು, "ಓಟ ಏನೋ ಸರಿ. ಆದ್ರೆ ಕಣ್ಣೀರ್ ಸುಳಿ ಕಣಮ್ಮ" ಎಂದರು.

"ತಾತ, ಸುಳಿ ಇರೋದು ಕಣ್ಣಿನ ಕೆಳಗೆ. ಸವಾರ ಕೂರೋದು ಬೆನ್ನಿನ ಮೇಲೆ."

ಆಮೇಲೆ ಮಾವನನ್ನು ಕರೆದು ಬಿಳಿ ಕುದುರೆಯ ಹಿಂದೆ ನಿಲ್ಲಿಸಿದೆ. "ನಾನು ಹೇಳಿದ್ದು ನಂಬಬೇಡಿ. ನೀವೇ ಕೈ ಆಡಿಸಿ," ಎಂದೆ. ಮಾವ ಎಷ್ಟೋ ಎತ್ತುಗಳ ಕಾಲು ಹಿಡಿದವರು. ಅವರ ಕೈ ಸುಳ್ಳು ಹೇಳುವುದಿಲ್ಲ. ಬಗ್ಗಿ ನಿಧಾನವಾಗಿ ಗಿಣ್ಣಿನವರೆಗೆ ಸವರಿದರು. ಒಳಮಗ್ಗುಲ ದಡ್ಡಿನ ಮೇಲೆ ಬೆರಳು ನಿಂತಿತು. ಎದ್ದು ಹೋಗಿ ಕಂದು ಹೆಣ್ಣಿನ ಅದೇ ಜಾಗ ಸವರಿದರು. ಅಲ್ಲಿ ನುಣುಪು. ಮತ್ತೆ ಬಿಳಿಯದಕ್ಕೆ ಬಂದರು.

"ಎತ್ತಿಗಾದ್ರೆ ಕಾಲು ಹಿಂಗೇ ಇರ್ಬೇಕು," ಎಂದರು, ಅರ್ಧ ತಮಗೇ.

"ಎತ್ತು ಎಳೀತದೆ ಮಾವ. ಇದು ಹೊರ್ಬೇಕು. ಅದೂ ನಿಮ್ಮ ಮಗಳನ್ನ."

ಮಾವ ತಲೆಯೆತ್ತಿ ಮಗಳ ಕಡೆ ನೋಡಿದರು. ಅವಳು ಕಂದು ಕುದುರೆಯ ಕತ್ತಿಗೆ ಹಣೆ ಒತ್ತಿ, ಬೆನ್ನು ತಿರುಗಿಸಿ ನಿಂತಿದ್ದಳು.

ನಾನು ಜಗಲಿಯ ಮೇಲೆ ಕೂತು ಎರಡು ಕಾಗದ ಬರೆದೆ. ಬಿಳಿ ಗಂಡು ನಿಧಾನದ ನಡಿಗೆಗೆ ಮಾತ್ರ, ಸವಾರಿ ತರಬೇತಿಗೆ ತಕ್ಕುದಲ್ಲ. ಕಂದು ಹೆಣ್ಣು ಸವಾರಿಗೂ ಪ್ರದರ್ಶನಕ್ಕೂ ತಕ್ಕುದು, ಕಾಲಿನಲ್ಲಿ ದೋಷವಿಲ್ಲ. ಕೆಳಗೆ ಸಹಿ, ಸಹಿಯ ಕೆಳಗೆ ಪದವಿ. ಪದವಿಯ ಅಕ್ಷರಗಳನ್ನು ಸ್ವಲ್ಪ ದೊಡ್ಡದಾಗಿಯೇ ಬರೆದೆ, ಅದರಲ್ಲಿ ನಾಚಿಕೆಯೇನಿಲ್ಲ. ಬಿಳಿಯದರ ಕಾಗದವನ್ನು ಮಾವ ಓದದೆಯೇ ಮಡಚಿ ಜೇಬಿಗೆ ಹಾಕಿಕೊಂಡರು. ಎರಡನೆಯದನ್ನು ಅವರ ಕೈಗೆ ಕೊಟ್ಟು ಕಾದೆ. ಅದನ್ನು ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ ಕೊನೆಯವರೆಗೆ ಓದಿದರು. "ಏನ್ರೀ, ಮನೆಯಿಂದ ಆಚೆ ಕಳಿಸ್ತೀರಾ ಆ ಸುಳೀನ?" ಎಂದು ಹಿರಿಯರು ಕೇಳಿದ್ದು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಕಾಗದವನ್ನು ಮಗಳ ಕೈಗಿಟ್ಟು, ಕನ್ನಡಕ ತೆಗೆದು, ರಸ್ತೆಯ ಕಡೆ ನೋಡುತ್ತಾ ಹೇಳಿದರು:

"ನಾಳೆ ತರೀಕೆರೆ ಕಡೀಗೆ ಗಾಡಿ ನಾನ್ ಮಾತಾಡ್ತೀನಿ. ಕುದ್ರೆ ಜೊತೆ ಹಿಂದ್ಗಡೆ ನಿಂತ್ಕಂಡು ಹೋಗೋದೇನ್ ಬ್ಯಾಡ ಕಣೇ. ನೀನು ಮುಂದೆ ಕೂತ್ಕೋ, ಹಿಂದೆ ನಾನ್ ನಿಂತ್ಕತೀನಿ."