ಕಾಲರಕ್ಕನ ಮೊದಲ ಅಂಗಿ

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಲರಕ್ಕ ಎನ್ನುತ್ತಿದ್ದರು. ಮದುವೆಗೆ ಮುಂಚಿನಿಂದ ಮೊಮ್ಮಗಳು ಹುಟ್ಟುವವರೆಗೂ ಅವಳು ಹೊಲಿದದ್ದು ಬರೀ ಕಾಲರು. ಅಂಗಿಗೆ ಕತ್ತಿನ ಕೆಳಗೂ ಏನೋ ಇರುತ್ತದೆ ಎಂಬುದು ಅವಳಿಗೆ ಕೇಳಿ ಗೊತ್ತು, ಅಷ್ಟೆ.

ಹೊಸದಾಗಿ ಬಂದ ಮ್ಯಾನೇಜರ್ ಮೇಡಂ, ಇನ್ನು ಮುಂದೆ ಪ್ರತಿಯೊಬ್ಬರೂ ಇಡೀ ಅಂಗಿ ಹೊಲಿಯಬೇಕು ಎಂದರು. ಎಲ್ಲರೂ ಮುಖ ಹುಳ್ಳಗೆ ಮಾಡಿಕೊಂಡರು. ಇದು ಆಗದ ಹೋಗದ ಮಾತು ಎಂದು ತೋರಿಸಲೆಂದೇ ಕಾಲರಕ್ಕ ಒಂದು ಅಂಗಿ ಹೊಲಿದಳು. ಕಾಲರು ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ತೋಳುಗಳು ಮಾತ್ರ ಹಿಂದುಮುಂದಾಗಿ, ಅಂಗಿ ತನ್ನ ಬೆನ್ನು ತಾನೇ ಕೆರೆದುಕೊಳ್ಳಲು ಹೊರಟಂತಿತ್ತು.

"ನೋಡಿದ್ರಾ ಮೇಡಂ? ಹೇಳೋದು ಸುಲಭ. ನೀವೂ ಒಂದು ಹೊಲಿದು ತೋರಿಸಿ."

ಮೇಡಂ ಮಷಿನ್ನಿನ ಮುಂದೆ ಕೂತರು. ಊಟದ ಹೊತ್ತಿಗೆ ಅವರ ಅಂಗಿಯೂ ಮುಗಿಯಿತು. ಕಾಲರಕ್ಕ ಅದರ ಜೇಬಿಗೆ ಕೈಹಾಕಲು ಹೋದಳು, ಬೆರಳೂ ತೂರಲಿಲ್ಲ. ಬಾಯನ್ನೂ ಸೇರಿಸಿ ನಾಲ್ಕೂ ಕಡೆ ಹೊಲಿದುಬಿಟ್ಟಿದ್ದರು.

"ಒಳ್ಳೇದೇ ಆಯ್ತು ಬಿಡಿ, ಜೇಬುಗಳ್ಳರ ಕಾಟ ಇಲ್ಲ" ಎಂದಳು.

ಮೊದಲು ನಕ್ಕವರು ಮೇಡಮ್ಮೇ. ಕಾಲರಕ್ಕನ ಸಿಟ್ಟು ಅಲ್ಲಿಗೆ ಇಳಿಯಿತು. ಅವಳು ಕತ್ತರಿ ಎತ್ತಿಕೊಂಡು, ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.

"ಬನ್ನಿ, ಬಿಚ್ಚೋಣ. ನೀವು ಜೇಬು, ನಾನು ತೋಳು."