ಹುಳ ಜ್ವರಕ್ಕೆ ಕೂತ ದಿನ ಅಮ್ಮ ಕೆರೆ ಸುತ್ತಿದ್ದು

ರೇಷ್ಮೆ ಸಾಕುವ ಮನೆಯಲ್ಲಿ ಭಾನುವಾರಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳಕ್ಕೆ ಜ್ವರ ಬಂದರೆ ನಮಗೆ ರಜೆ. ಎಂಬತ್ತರ ದಶಕದ ಕೊನೆಯಲ್ಲಿ, ಸಾದಲಿ ಪಕ್ಕದ ನಮ್ಮೂರಿನಿಂದ ಅಪ್ಪ, ಅಮ್ಮ, ನಾನು ಮತ್ತು ತಂಗಿ ಸೈಕಲ್ಲಿನಲ್ಲಿ ಕೆರೆ ಸುತ್ತಲು ಹೊರಟಿದ್ದು ಅಂಥದೇ ಒಂದು ನಾಲ್ಕನೇ ಜ್ವರದ ದಿನ.

ಪಕ್ಕದೂರಿನ ಆ ಕೆರೆಯ ನಡುವೆ ಒಂದು ದಿಬ್ಬ. ಒಳ್ಳೆ ಮಳೆಯಾದ ವರ್ಷ ಅದು ನಡುಗಡ್ಡೆಯಾಗುತ್ತಿತ್ತು. ಅದರ ತುಂಬ ಕರಿಜಾಲಿ ಮರ, ಮರದ ತುಂಬ ಬಣ್ಣದ ಕೊಕ್ಕರೆಗಳ ಗೂಡು. ಆದರೆ ಅಮ್ಮ ಹೊರಟಿದ್ದು ಬರೀ ಕೊಕ್ಕರೆ ನೋಡುವುದಕ್ಕಲ್ಲ. ಸೊಪ್ಪಿನ ಹೊರೆ ಹೇರಿದ ಸೈಕಲ್ಲನ್ನು ತೋಟದಿಂದ ಮನೆಗೆ ತಳ್ಳಿ ತಳ್ಳಿ, ಯಾರೂ ಕಾಣದಾಗ ಹತ್ತಿ ತುಳಿದು, ಅವಳು ಸವಾರಿ ಕಲಿತುಬಿಟ್ಟಿದ್ದಳು. ಕೆರೆಯ ಒಂದು ಪೂರ್ತಿ ಸುತ್ತನ್ನು ತಾನೇ ತುಳಿಯಬೇಕು ಅನ್ನುವುದು ಅವಳ ಹಟ. ಅಪ್ಪನಿಗೆ ವಿಷಯ ಗೊತ್ತಿತ್ತು, ನಂಬಿಕೆ ಮಾತ್ರ ಇರಲಿಲ್ಲ.

"ಕೆರೆ ಹಿಂದಿನ ದಾರೀಲಿ ಎಷ್ಟು ಬೇಕಾದ್ರೂ ತುಳಿ. ಏರಿ ಹತ್ರ ಬಂದಾಗ ಇಳಿದು ತಳ್ಕೊಂಡು ಬಾ. ಅಲ್ಲಿ ಜನ ಇರ್ತಾರೆ, ಬಿದ್ದು ಮಾನ ಕಳೀಬೇಡ ಕಣೇ" ಅಂದ ಅಪ್ಪ.

"ಬಿದ್ರೆ ತರಚೋದು ನನ್ ಮಂಡಿ. ನಿಮ್ ಮಾನ ಯಾಕ್ರೀ ತರಚುತ್ತೆ?" ಅಂದಳು ಅಮ್ಮ.

ತೋಟದ ಕೆಲಸಕ್ಕೆ ಕಟ್ಟುವ ಹಾಗೆ ಸೀರೆಗೆ ಕಚ್ಚೆ ಹಾಕಿ, ಚಿಕ್ಕಪ್ಪನಿಂದ ಕೇಳಿ ತಂದ ಸೈಕಲ್ಲಿಗೆ ಚಿತ್ರಾನ್ನದ ಡಬ್ಬಿ ಕಟ್ಟಿ ಹೊರಟಳು. ನಾವಿಬ್ಬರು ಅಪ್ಪನ ಸೈಕಲ್ಲಿನಲ್ಲಿ, ತಂಗಿ ಮುಂದಿನ ಬಾರಿನ ಮೇಲೆ, ನಾನು ಹಿಂದೆ. ನಾನಂತೂ ದಾರಿಯುದ್ದಕ್ಕೂ ತಲೆ ಹಿಂದಕ್ಕೆ ತಿರುಗಿಸಿಕೊಂಡೇ ಇದ್ದೆ. ಅಮ್ಮ ಸ್ವಲ್ಪ ಓಲಾಡುತ್ತಿದ್ದಳು, ಬೀಳುತ್ತಿರಲಿಲ್ಲ.

ಕೆರೆಯ ಹಿಂಭಾಗ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಊಟ ಬಿಚ್ಚಿ ಕೂತೆವು. ಎದುರಿಗೇ ನಡುಗಡ್ಡೆ. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ತಾಯಿ ಕೊಕ್ಕರೆ ಮೀನು ತಂದರೆ ಸಾಕು, ಮರಿಗಳು ಕುತ್ತಿಗೆ ಚಾಚಿ ಬಾಯಿ ತೆರೆದು ಗೂಡನ್ನೇ ಅಲ್ಲಾಡಿಸುತ್ತಿದ್ದವು. ತಂಗಿ ಚಪ್ಪಾಳೆ ತಟ್ಟಿದಳು. ಅಮ್ಮ ಮಾತ್ರ ಆ ಬಾಯಿಗಳನ್ನೇ ನೋಡುತ್ತ ಕೈಯಲ್ಲಿನ ತುತ್ತನ್ನು ಹಾಗೇ ಹಿಡಿದು ಕೂತಳು.

"ರೀ, ಹುಳುಮನೆ ಕಿಟಕಿ ಮುಚ್ಚಿದ್ರಾ?"

"ಊಜಿ ನೊಣ ಬಂದು ಹುಳದ ಮೇಲೆ ಮೊಟ್ಟೆ ಇಡುತ್ತೆ ಅಂತ ಎಲ್ಲಾ ಮುಚ್ಚಿ ಗೋಣಿ ಕಟ್ಟಿದೀನಿ" ಅಂದ ಅಪ್ಪ ಹೆಮ್ಮೆಯಿಂದ.

"ಅಯ್ಯೋ, ಈ ಶೆಕೆಗೆ ಒಳಗೆ ಬೇಯ್ತಿರುತ್ತೆ. ಹುಳ ಸಾಯಂಕಾಲದ ತನಕ ಕೂತಿರಲ್ಲ, ಈಗ್ಲೇ ಏಳುತ್ತೆ!"

ಅಪ್ಪನ ಮುಖ ಇಳಿಯಿತು. ಜ್ವರ ಬಿಟ್ಟು ಎದ್ದ ಹುಳ ಸೊಪ್ಪು ಸಿಗದಿದ್ದರೆ ತಟ್ಟೆಯೆಲ್ಲ ಹರಿದಾಡಿ ಸೊರಗುತ್ತದೆ. ಅಲ್ಲಿಗೆ ಬೆಳೆ ಕೆಟ್ಟ ಹಾಗೆ. ರೋಗ ಅಂಟುತ್ತದೆ ಅಂತ ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ, ಆದ್ದರಿಂದ ಬೀಗ ಹಾಕಿ ಬಂದಿದ್ದೆವು. ಅಪ್ಪ ಎದ್ದು ಸೈಕಲ್ ಹಿಡಿದರೆ ಹಿಂದಿನ ಚಕ್ರ ನೆಲಕ್ಕೆ ಅಂಟಿತ್ತು. ಜಾಲಿ ಮುಳ್ಳು.

"ನಿನ್ ಸೈಕಲ್ ಕೊಡು, ನಾನ್ ಹೋಗ್ತೀನಿ" ಅಂದ.

"ಮೊದಲ್ನೇ ಸೊಪ್ಪು ಯಾರು ಹಾಕ್ತಾರೆ?"

ಅಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಮ್ಮ ಮನೆಯಲ್ಲಿ ಜ್ವರ ಎದ್ದ ಹುಳದ ಮೇಲೆ ಮೊದಲ ಸೊಪ್ಪು ಅಮ್ಮನ ಕೈಯಿಂದಲೇ ಬೀಳಬೇಕು. ಅಜ್ಜಿಯ ಕಾಲದಿಂದ ಬಂದದ್ದು, ಮೀರುವ ಧೈರ್ಯ ಅವನಿಗಿರಲಿಲ್ಲ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗೋಣವೆಂದರೆ ನೀರಿನ ಪಕ್ಕದಲ್ಲಿ ನಾವಿಬ್ಬರೇ ಉಳಿಯುತ್ತಿದ್ದೆವು. ಅಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಸೈಕಲ್ ಹತ್ತಿದಳು. ಮನೆಗೆ ಹತ್ತಿರದ ದಾರಿ ಏರಿಯ ಮೇಲೇ.

"ಏರಿ ಮೇಲೆ ಇಳಿದು..." ಅಂತ ಶುರು ಮಾಡಿದ ಅಪ್ಪ, ಮಾತು ನುಂಗಿಕೊಂಡು, "ಹುಷಾರಾಗಿ ಹೋಗು" ಅಂದ.

ನಾವು ನೀರಿನಾಚೆ ಕಣ್ಣಿಟ್ಟು ನಿಂತೆವು. ತುಂಬ ಹೊತ್ತಾದ ಮೇಲೆ ಏರಿಯ ತುದಿಯಲ್ಲಿ ಅಮ್ಮನ ಹಸಿರು ಸೀರೆ ಕಾಣಿಸಿತು. ಇಳಿದಿರಲಿಲ್ಲ, ತುಳಿಯುತ್ತಿದ್ದಳು. ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರು. ಸೀರೆ ನಡುಗಡ್ಡೆಯ ಮರಗಳ ಹಿಂದೆ ಮರೆಯಾಯಿತು. ಅಷ್ಟರಲ್ಲಿ ಯಾತಕ್ಕೋ ಬೆದರಿ ಕೊಕ್ಕರೆಗಳೆಲ್ಲ ಒಟ್ಟಿಗೆ ಮೇಲೆದ್ದವು.

"ಅಮ್ಮ ಬಿದ್ದೋದ್ಲು" ಅಂತ ತಂಗಿ ಅಳಲು ಶುರು ಮಾಡಿದಳು. ಅಪ್ಪ ನನ್ನ ಭುಜವನ್ನು ನೋವಾಗುವಷ್ಟು ಅಮುಕಿ ಹಿಡಿದಿದ್ದ.

ಮರಗಳ ಆಚೆ ಬದಿಯಿಂದ ಹಸಿರು ಸೀರೆ ಹೊರಬಂತು. ಈಗ ಓಲಾಟವೂ ಇರಲಿಲ್ಲ. ನಾನು ಕುಣಿದುಬಿಟ್ಟೆ. ಇವಳು ನಮ್ಮಮ್ಮ ಅಂತ ಆ ಕೆರೆಗೆಲ್ಲ ಕೇಳುವ ಹಾಗೆ ಕೂಗಬೇಕು ಅನ್ನಿಸಿತು.

ನಾವು ಸೈಕಲ್ ತಳ್ಳಿಕೊಂಡು ಏರಿಗೆ ಬಂದಾಗ ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ತೆಲುಗು ಬೆರೆಸಿ, "ಎವರಪ್ಪಾ ಆಯಮ್ಮ? ಸೈಕಲ್ ಅಷ್ಟು ಜೋರಾಗಿ ಬಿಟ್ಕೊಂಡು ಹೋದ್ಲಲ್ಲ!" ಅಂದರು.

"ನಮ್ಮನೆಯೋರು" ಅಂದ ಅಪ್ಪ. ಬಟ್ಟೆ ಒಗೆಯುವವರಿಗೆ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ, ಜೋರಾಗಿ ಹೇಳಿದ.

ಮನೆಗೆ ಬಂದು ಕೈಕಾಲು ತೊಳೆದು ಒಳಗೆ ಹೋದರೆ ಕಿಟಕಿಗಳೆಲ್ಲ ತೆರೆದಿದ್ದವು, ಹುಳ ಚರಚರನೆ ಸೊಪ್ಪು ತಿನ್ನುತ್ತಿತ್ತು. ಅಮ್ಮನ ಹಣೆಯ ಕುಂಕುಮ ಬೆವರಿಗೆ ಮೂಗಿನ ತನಕ ಇಳಿದಿತ್ತು. "ಸೀಟು ಎತ್ತರ ಆಯ್ತು ಕಣ್ರೀ, ಕಾಲು ಎಟಕಲ್ಲ" ಅಂದಳು, ಅಷ್ಟೇ.

ಮರುದಿನ ಅಪ್ಪ ಪಂಕ್ಚರ್ ಹಾಕಿಸಿಕೊಂಡು ಬಂದ. ಜೊತೆಗೆ ತನ್ನ ಸೈಕಲ್ಲಿನ ಸೀಟನ್ನು ಪೂರ್ತಿ ಕೆಳಕ್ಕೆ ಇಳಿಸಿದ್ದ. ಅದನ್ನು ಆಮೇಲೆ ಮೇಲಕ್ಕೆತ್ತಲೇ ಇಲ್ಲ. ಆರಡಿ ಮನುಷ್ಯ ಮಂಡಿಯನ್ನು ಎದೆಗೆ ತಾಗಿಸಿಕೊಂಡು ತುಳಿಯುವುದನ್ನು ನೋಡಿ ಊರೆಲ್ಲ ನಗುತ್ತಿತ್ತು. ಯಾರಾದರೂ ಕೇಳಿದರೆ ಅಪ್ಪ ಹೇಳುತ್ತಿದ್ದ: "ಇದು ನಮ್ಮನೆಯೋರ ಸೈಕಲ್ ಕಣಪ್ಪ, ನಾನು ಆಗಾಗ ಕೇಳಿ ಇಸ್ಕೋತೀನಿ."