ತಿಪ್ಪೇಸ್ವಾಮಣ್ಣನ ಮಾಡ್ಯೂಲಿನಲ್ಲಿ ತಪ್ಪಿರಲಿಲ್ಲ

ತಿಪ್ಪೇಸ್ವಾಮಣ್ಣ ಬರೆದ ಮಾಡ್ಯೂಲಿನಲ್ಲಿ ತಪ್ಪಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಅವರದೇ ಎಂದೆ — ಆರು ವರ್ಷಗಳ ಹಿಂದೆ, ಎಲ್ಲರ ಎದುರಿಗೆ, ಅವರ ಮುಖ ನೋಡದೆ.

ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಹಿರಿಯೂರಿನ ಚಿಕ್ಕ ಕಂಪನಿಯೊಂದರಲ್ಲಿ ನಾನು ಎಂಜಿನಿಯರ್. ಐಮಂಗಲ, ಹರಿಯಬ್ಬೆ, ಮಾರಿಕಣಿವೆ ಕಡೆಯ ಟವರುಗಳನ್ನೆಲ್ಲ ಆಫೀಸಿನ ಒಂದು ಸಾಫ್ಟ್‌ವೇರ್ ಕಾಯುತ್ತಿರುತ್ತದೆ. ಟವರ್ ನಿಂತರೆ ಪರದೆಯ ಮೇಲೆ ಕೆಂಪು ಗುರುತು ಬರುತ್ತದೆ. ತಿಪ್ಪೇಸ್ವಾಮಣ್ಣ ಆ ಟವರುಗಳನ್ನು ಹತ್ತಿ ಕೇಬಲ್ ಎಳೆಯುತ್ತಿದ್ದವರು. ಹರಿಯಬ್ಬೆಯ ಕುರಿ ಸಾಕುವ ಮನೆಯವರು, ಓದಿದ್ದು ಎಸ್ಸೆಸ್ಸೆಲ್ಸಿ. ಮಂಡಿ ಸವೆದು ಹತ್ತುವುದು ಕಷ್ಟವಾದಾಗ ಮ್ಯಾನೇಜರ್ ಅವರನ್ನು ಆಫೀಸಿನಲ್ಲಿ ಕೂರಿಸಿದರು. ನನ್ನ ಹಳೆಯ ಪುಸ್ತಕಗಳನ್ನು ಕೇಳಿ ಪಡೆದು, ನಲವತ್ತು ದಾಟಿದ ಆ ಮನುಷ್ಯ ಪ್ರೋಗ್ರಾಂ ಬರೆಯಲು ಕಲಿತರು. ಟವರಿನ ಬ್ಯಾಟರಿ ಪೂರ್ತಿ ಖಾಲಿಯಾಗುವ ಮೊದಲೇ ಎಚ್ಚರಿಸುವ ಪುಟ್ಟ ಪ್ರೋಗ್ರಾಮೊಂದನ್ನು — ಅದೇ ಆ ಮಾಡ್ಯೂಲ್ — ಬರೆದು ಆ ಸಾಫ್ಟ್‌ವೇರಿಗೆ ಜೋಡಿಸಿದರು.

“ಬಿ.ಇ. ಓದಿದೋರಿಗೆ ಇದು ಹೊಳೀಲಿಲ್ಲ ನೋಡ್ರಿ,” ಎಂದು ಮ್ಯಾನೇಜರ್ ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ — ಒಳಗೆ ಏನಾಯಿತೆಂದು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ.

ಸ್ವಲ್ಪ ದಿನಕ್ಕೆ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರಿಗೆ ಸಾಗಿಸುವ ಕೆಲಸ ನನ್ನದಾಯಿತು. ಎಲ್ಲವೂ ನಡೆಯಿತು, ಅವರ ಮಾಡ್ಯೂಲ್ ಮಾತ್ರ ಲೋಡ್ ಆಗಲಿಲ್ಲ. ಅವರು ತಾವು ಬರೆದದ್ದನ್ನೆಲ್ಲ ಪ್ರಿಂಟ್ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. “ಎಲ್ಲೈತೋ ತಪ್ಪು, ಕಣ್ಣಿಗೇ ಬೀಳವಲ್ದು ಮೇಡಂ.”

ಎರಡನೆಯ ದಿನ ನಾನು, ಕಂಪ್ಯೂಟರ್ ತನ್ನ ಆಗುಹೋಗುಗಳನ್ನೆಲ್ಲ ಬರೆದಿಡುವ ಲಾಗ್ ತೆರೆದೆ. ಕಾರಣ ಅಲ್ಲೇ ಇತ್ತು. ಅವರ ಮಾಡ್ಯೂಲಿನ ಫೈಲನ್ನು ನಾನು ನನ್ನ ಹೆಸರಿನ ಲಾಗಿನ್‌ನಿಂದ ಕಾಪಿ ಮಾಡಿದ್ದೆ. ಹಾಗಾಗಿ ಸಾಫ್ಟ್‌ವೇರಿಗೆ ಅದನ್ನು ಓದುವ ಅನುಮತಿಯೇ ಇರಲಿಲ್ಲ. ತಪ್ಪು ನನ್ನದು. ಕಂಪ್ಯೂಟರಿಗೆ ಒಂದು ಸಾಲಿನ ಆದೇಶ ಕೊಟ್ಟಿದ್ದರೆ ಸರಿಹೋಗುತ್ತಿತ್ತು. ನಾನು ಲಾಗ್ ಮುಚ್ಚಿ ಊಟಕ್ಕೆ ಹೋದೆ.

ಮೂರನೆಯ ದಿನ ಐಮಂಗಲದ ಟವರ್ ಬ್ಯಾಟರಿ ಖಾಲಿಯಾಗಿ, ಮುನ್ಸೂಚನೆಯಿಲ್ಲದೆ ನಿಂತಿತು. ಮ್ಯಾನೇಜರ್ ಸಿಟ್ಟಿನಲ್ಲಿ ಬಂದು ನನ್ನನ್ನು ಕೇಳಿದರು, “ಏನಾಗೈತ್ರಿ ಇದಕ್ಕೆ?”

“ಅವರು ಬರ್ದಿರೋದ್ರಲ್ಲೇ ಏನೋ ತಪ್ಪೈತೆ ಸಾರ್.”

ಅಷ್ಟೇ ನಾನಾಡಿದ್ದು. ತಿಪ್ಪೇಸ್ವಾಮಣ್ಣ ಕಾಗದಗಳನ್ನು ಒಟ್ಟುಮಾಡಿದರು. “ಓದಿದೋರು ಹೇಳಿದ ಮೇಲೆ ಇರ್ತೈತೆ ಬಿಡ್ರಿ,” ಎಂದರು. ಮರುವಾರ ಅವರನ್ನು ಮತ್ತೆ ಟವರ್ ಹತ್ತಲು ಕಳಿಸಿದರು. ಎರಡು ತಿಂಗಳು ಹೇಗೋ ಹತ್ತಿದರು — ಆಮೇಲೆ ಕೆಲಸ ಬಿಟ್ಟರು. ಅವರು ಹೋದ ಮೇಲೆ ಅದೇ ಮಾಡ್ಯೂಲಿಗೆ ಬೇರೆ ಹೆಸರಿಟ್ಟು, ಹೊಸದಾಗಿ ನಾನೇ ಬರೆದೆನೆಂದು ಚಾಲೂ ಮಾಡಿದೆ. ಹೌದು, ಅದನ್ನೂ ಮಾಡಿದೆ.

ಹೋದ ತಿಂಗಳು ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಅದನ್ನು ಓದಿ, “ಎಷ್ಟು ಚೆಂದ ಬರ್ದೀರಿ ಮೇಡಂ,” ಎಂದಳು. ಅವತ್ತೇ ಮ್ಯಾನೇಜರಿಗೆ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಭಾನುವಾರ ಹರಿಯಬ್ಬೆಗೆ ಹೋದೆ.

ತಿಪ್ಪೇಸ್ವಾಮಣ್ಣ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ — ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಅವರು ಕೈಲಿದ್ದ ಸೊಪ್ಪನ್ನು ಕಟ್ಟಿ ಮುಗಿಸಿದರು.

“ನನ್ ಮಗಳು ಪಿಯುಸಿ ಆದ್ಮೇಲೆ ಕಂಪ್ಯೂಟರ್ ಓದ್ತೀನಿ ಅಂತ ಹಟ ಹಿಡಿದಿದ್ಲು. ನಾನೇ ಬ್ಯಾಡ ಅಂದೆ. ಅದು ನಮ್ಮಂಥೋರ ತಲೆಗೆ ಹತ್ತಲ್ಲ, ನಾನು ಮಾಡಿ ನೋಡೀನಿ ಅಂದೆ. ಮೂರು ದಿನ ಅತ್ಲು. ಈಗ ಗಾರ್ಮೆಂಟ್ಸಿಗೆ ಹೋಗ್ತಾಳೆ.”

ಅವರೊಬ್ಬರಿಗೆ ಮಾಡಿದ ಅನ್ಯಾಯವೆಂದೇ ಇಷ್ಟು ವರ್ಷ ತಿಳಿದಿದ್ದೆ.

“ಇವತ್ತೂ ಡ್ಯೂಟಿ ಐತೆ ಅವಳಿಗೆ, ಸಂಜಿ ಬಸ್ಸಿಗೆ ಬರ್ತಾಳೆ,” ಎಂದರು. “ನನಗೆ ಹೇಳಿದ್ರಲ್ಲ, ಅವಳಿಗೂ ಹೇಳಿ ಹೋಗ್ರಿ.”

ಕುಂತ್ಕಳ್ರಿ ಎನ್ನಲಿಲ್ಲ. ನಾನು ಬೇಲಿಯ ಪಕ್ಕ ನಿಂತು ಬಸ್ಸು ಬರುವ ದಾರಿ ನೋಡುತ್ತಿದ್ದೆ.